ಕ್ರೆಡಿಟ್ ಅಂದ್ರೆ ಡೇರಿ ದುಡ್ಡಾ ಸಾರ್?

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರವೇಶ ಸಮಿತಿಯಲ್ಲಿ ನನಗೊಂದು ಕುರ್ಚಿ ಖಾಯಂ. ಕನ್ನಡ ಮೇಷ್ಟ್ರು ಜನರ ಜೊತೆ ಹೊಂದಿಕೊಂಡು ಮಾತಾಡುತ್ತಾರೆ ಅನ್ನುವುದು ಪ್ರಿನ್ಸಿಪಾಲರು ಕೊಡುವ ಕಾರಣ. ಸೈನ್ಸಿನವರಿಗೆ ಲ್ಯಾಬಿದೆ, ಕಾಮರ್ಸಿನವರಿಗೆ ಟ್ಯಾಲಿ ಇದೆ, ಕನ್ನಡದವನಿಗೆ ಬೇರೇನು ಕೆಲಸ ಅನ್ನುವುದು ಒಳಗಿನ ಮಾತು. ಎರಡು ವರ್ಷದ ಹಿಂದೆ ಮಗಳನ್ನು ಬಿ.ಕಾಂ.ಗೆ ಸೇರಿಸಲು ಬಂದ ರೈತರೊಬ್ಬರು ವಿಷಯಗಳ ಪಟ್ಟಿಯ ಮುಂದಿದ್ದ ಅಂಕಿಗಳ ಮೇಲೆ ಬೆರಳಿಟ್ಟು ಕೇಳಿದರು: "ಸಾರ್, ಕ್ರೆಡಿಟ್ಟು ನಾಕು, ಕ್ರೆಡಿಟ್ಟು ಮೂರು ಅಂತ ಬರ್ದವ್ರಲ್ಲ, ಡೇರಿ ದುಡ್ಡು ಕ್ರೆಡಿಟ್ ಆಯ್ತದಲ್ಲ, ಅದೇ ಕ್ರೆಡಿಟ್ಟಾ?"

ಕೋಣೆಯಲ್ಲಿದ್ದ ನಾಲ್ವರೂ ನಕ್ಕೆವು. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಹುಡುಗಿ ಅಪ್ಪನ ಅಂಗಿಯ ತೋಳು ಹಿಡಿದು ಜಗ್ಗಿದಳು. ಅವರು ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಹೋದರು.

ಅವರು ಹೊಸ್ತಿಲು ದಾಟುತ್ತಲೇ ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು, "ನೋಡಿ ಮೇಷ್ಟ್ರೇ, ಬೇಸಿಕ್ ಇಂಗ್ಲಿಷೇ ಇಲ್ಲ. ಆ ಮಗು ಇಲ್ಲಿ ಬಂದು ಏನು ಮಾಡುತ್ತೆ?" ನಾನು ಸುಮ್ಮನೆ ಕೇಳಿದೆ: ಹಾಗಾದರೆ ಒಂದು ಕ್ರೆಡಿಟ್ ಅಂದರೆ ಎಷ್ಟು? ಹನ್ನೊಂದು ವರ್ಷ ಸರ್ವೀಸಾದ ಮನುಷ್ಯ ಪೆನ್ನಿನ ಕ್ಯಾಪು ತೆಗೆದು ಹಾಕಿ ತೆಗೆದು, "ಅದೊಂಥರಾ ವೇಯ್ಟೇಜು" ಎಂದರು. ಒಂಥರಾ ಅಲ್ಲ, ಅದಕ್ಕೆ ನಿಖರವಾದ ಲೆಕ್ಕವಿದೆ. ಒಂದು ಸೆಮಿಸ್ಟರಿನ ಉದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ, ಅಥವಾ ವಾರಕ್ಕೆ ಎರಡು ಗಂಟೆಯ ಪ್ರಯೋಗ: ಇದು ಒಂದು ಕ್ರೆಡಿಟ್. ಪಾಸಾದರೆ ಅದು ವಿದ್ಯಾರ್ಥಿಯ ಖಾತೆಗೆ ಜಮಾ. ಖಾತೆ ಅನ್ನುವುದು ಉಪಮೆಯಲ್ಲ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೆಂದೇ ಒಂದು ವ್ಯವಸ್ಥೆ ತಂದು ಅದಕ್ಕೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂದೇ ಹೆಸರಿಟ್ಟಿದೆ. ಅಂದರೆ ಆ ಕೋಣೆಯಲ್ಲಿ ಆ ಪದದ ಅರ್ಥ ಸರಿಯಾಗಿ ಗೊತ್ತಿದ್ದದ್ದು ಒಬ್ಬರಿಗೆ. ಹಾಲು ಹಾಕಿ, ಫ್ಯಾಟು ನೋಡಿಸಿ, ಪಾಸ್‌ಬುಕ್ ತಿರುವಿ ಅಭ್ಯಾಸವಿದ್ದವರಿಗೆ. ನಾವು ನಕ್ಕದ್ದು ಅವರನ್ನು ನೋಡಿ.

ನಾನು ಜಗಳಕ್ಕೆ ನಿಂತಿರುವುದು ಆ ನಗುವಿನ ಹಿಂದಿರುವ ನಂಬಿಕೆಯ ಜೊತೆ. ಅದು ನನ್ನ ಸಹೋದ್ಯೋಗಿಯೊಬ್ಬರದ್ದಲ್ಲ. ವಿಚಾರ ಸಂಕಿರಣಗಳಲ್ಲಿ, ಪತ್ರಿಕೆಯ ಶಿಕ್ಷಣ ಪುಟದಲ್ಲಿ, ಅಪ್ಪ ಅಮ್ಮಂದಿರ ಮಾತಿನಲ್ಲಿ ಎಲ್ಲೆಲ್ಲೂ ಅದೇ: ಹಳ್ಳಿಯ ಮಕ್ಕಳು, ಕನ್ನಡ ಮಾಧ್ಯಮದ ಮಕ್ಕಳು ಕಾಲೇಜಿಗೆ ಬಂದು ಎಡವುವುದು ಅಲ್ಲಿನ ಪದಗಳೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ. ಸೆಮಿಸ್ಟರು, ಕ್ರೆಡಿಟ್ಟು, ಇಂಟರ್ನಲ್ಸು, ಎಲೆಕ್ಟಿವ್, ರಿವ್ಯಾಲ್ಯುಯೇಷನ್, ಸಿಜಿಪಿಎ. ಇಂಗ್ಲಿಷ್ ಕಲಿಸಿಬಿಟ್ಟರೆ, ಇಲ್ಲವೇ ಮೊದಲ ದಿನದ ಓರಿಯೆಂಟೇಶನ್ನಿನಲ್ಲಿ ಎರಡು ಪುಟದ ಪದಕೋಶ ಹಂಚಿಬಿಟ್ಟರೆ ಮುಗಿಯಿತು. ಹೀಗೆ ನಂಬಿ ನಾವು ಬ್ರಿಡ್ಜ್ ಕೋರ್ಸು ನಡೆಸುತ್ತೇವೆ, ಕಮ್ಯುನಿಕೇಶನ್ ಸ್ಕಿಲ್ಲಿನ ಕಾರ್ಯಾಗಾರ ಮಾಡುತ್ತೇವೆ, ಫೋಟೋ ತೆಗೆಸಿ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಸೇರಿಸುತ್ತೇವೆ. ಮುಂದಿನ ವರ್ಷ ಅದೇ ಮಕ್ಕಳು ಅದೇ ಕೌಂಟರಿನ ಮುಂದೆ ಅದೇ ಮುಖ ಹೊತ್ತು ನಿಂತಿರುತ್ತಾರೆ.

ಇಂಗ್ಲಿಷ್ ಬೇಡವೇ ಬೇಡ ಎನ್ನುವ ವಾದ ನನ್ನದಲ್ಲ. ಪಠ್ಯಪುಸ್ತಕ ಓದುವುದಕ್ಕೆ, ವೈವಾದಲ್ಲಿ ಬಾಯಿ ಬಿಡುವುದಕ್ಕೆ ಅದು ಬೇಕು. ಬಾರದ ಮಗುವಿನ ಕಷ್ಟ ನಿಜವಾದದ್ದು. ಆದರೆ ನಾನು ಹೇಳುತ್ತಿರುವ ಪದಗಳು ಇಂಗ್ಲಿಷ್ ಅಲ್ಲ. ಇಂಗ್ಲಿಷ್ ಅಕ್ಷರದ ಅಂಗಿ ತೊಟ್ಟ ಕಾನೂನು ಅವು. ಒಂದೊಂದರ ಬೆನ್ನಿಗೂ ಒಂದು ಗಡುವು, ಒಂದು ಶುಲ್ಕ, ಸಹಿ ಹಾಕುವ ಒಬ್ಬ ಅಧಿಕಾರಿ ಇದ್ದಾರೆ. ಆ ಮೂರು ಗೊತ್ತಿಲ್ಲದೆ ಪದದ ಅರ್ಥ ಗೊತ್ತಾಗಿ ಮೂರು ಕಾಸಿನ ಪ್ರಯೋಜನವಿಲ್ಲ.

ಸಾಕ್ಷಿಗೆ ಇಂಗ್ಲಿಷೇ ಇಲ್ಲದ ಜಾಗಕ್ಕೆ ಬನ್ನಿ. ಸಿಇಟಿ ಸೀಟು ಹಂಚಿಕೆಯಲ್ಲಿ ಒಂದು ಸೀಟು ಸಿಕ್ಕಿದ ಮೇಲೆ ಹುಡುಗರು ಒಂದು, ಎರಡು, ಮೂರು, ನಾಲ್ಕು ಎಂಬ ಚಾಯ್ಸುಗಳಲ್ಲಿ ಒಂದನ್ನು ಒತ್ತಬೇಕು. ಒಂದು ಒತ್ತಿದರೆ ಸೀಟು ಒಪ್ಪಿದೆ, ದುಡ್ಡು ಕಟ್ಟಿ ಸೇರುತ್ತೇನೆ. ಎರಡು ಒತ್ತಿದರೆ ಇದು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಬರೆದದ್ದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದನ್ನು ಕೊಡಿ. ಮೂರು ಒತ್ತಿದರೆ ಇದು ಬೇಡ, ಮುಂದಿನ ಸುತ್ತಿಗೆ ಮಾತ್ರ ನನ್ನನ್ನು ಇಟ್ಟುಕೊಳ್ಳಿ. ನಾಲ್ಕಕ್ಕೆ ಇದೂ ಬೇಡ, ನಿಮ್ಮ ಸಹವಾಸವೂ ಬೇಡ. ಇದರಲ್ಲಿ ಯಾವ ಇಂಗ್ಲಿಷಿದೆ? ಅಂಗನವಾಡಿ ಮಗುವಿಗೂ ಬರುವ ನಾಲ್ಕು ಅಂಕಿ.

ನಮ್ಮ ಬೀದಿಯ ಸೈಬರ್ ಸೆಂಟರಿನಲ್ಲಿ ಒಂದು ಸಂಜೆ ಝೆರಾಕ್ಸಿಗೆ ಹೋಗಿದ್ದೆ. ಮೂರನೇ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ, ಅವನ ಬೆನ್ನ ಹಿಂದೆ ಅವನ ಅಮ್ಮ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ದೂರದ ಊರಿನ ರೆಸಿಡೆನ್ಶಿಯಲ್ ಕಾಲೇಜಿನಲ್ಲಿ ಪಿಯುಸಿ. ಸೆಂಟರಿನವನು ಮೌಸ್ ಹಿಡಿದು ಕಾಯುತ್ತಿದ್ದ, ಕ್ಯೂ ಬೆಳೆಯುತ್ತಿತ್ತು. "ಚಾಯ್ಸ್ ತ್ರೀ ಅಂದ್ರೆ ಥರ್ಡ್ ರೌಂಡ್‌ವರೆಗೂ ವೇಯ್ಟ್ ಮಾಡೋದು ಅಲ್ವಾ?" ಎಂದ ಹುಡುಗ. ಸೆಂಟರಿನವನು "ಹೂಂ, ಒತ್ಲಾ?" ಎಂದ. ಒತ್ತೇ ಬಿಡುತ್ತಿದ್ದ. ಕೈಯಲ್ಲಿದ್ದ ಮೈಸೂರಿನ ಸೀಟು ಆ ಒಂದು ಕ್ಲಿಕ್ಕಿಗೆ ಕೈಬಿಟ್ಟು ಹೋಗುತ್ತಿತ್ತು. ನಾನು ಮಧ್ಯೆ ಬಾಯಿ ಹಾಕಿದ್ದಕ್ಕೆ ಆ ತಾಯಿ ನನ್ನನ್ನು ಮೊದಲು ಅನುಮಾನದಿಂದಲೇ ನೋಡಿದರು. ಪಂಚೆ ಉಟ್ಟು ಬಂದವನ ಮಾತಿಗೆ ಅಷ್ಟೇ ಬೆಲೆ. ನಿಯಮ ಎಲ್ಲೋ ಅಡಗಿ ಕೂತಿರಲಿಲ್ಲ, ಮಾರ್ಗಸೂಚಿಯಲ್ಲೇ ಇತ್ತು. ಆದರೆ ಆ ಹುಡುಗ ಅದನ್ನು ಓದುವ ಅಗತ್ಯವೇ ಇಲ್ಲ ಅಂದುಕೊಂಡಿದ್ದ, ಯಾಕೆಂದರೆ ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಪದ ಪರಿಚಯದ್ದು, ಹಾಗಾಗಿ ಅರ್ಥವೂ ತನಗೆ ಗೊತ್ತು ಎಂಬ ಭ್ರಮೆ. ಭಾಷೆ ಬಾರದವನು ಕನಿಷ್ಠ ಹೆದರುತ್ತಾನೆ, ಹೆದರಿದವನು ಯಾರನ್ನಾದರೂ ಕೇಳಿಯಾನು.

ನನ್ನ ತಂಗಿಯ ಮಗಳ ಕಥೆ ಇದಕ್ಕಿಂತ ಕಹಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು; ನನಗೆ ಬರುವ ಕಾಗದಗಳ ಇಂಗ್ಲಿಷನ್ನು ತಿದ್ದುವವಳು ಅವಳೇ. ಮೂರನೇ ಸೆಮಿಸ್ಟರಿನಲ್ಲಿ ಒಂದು ವಿಷಯ ನಾಲ್ಕು ಅಂಕಕ್ಕೆ ಹೋಯಿತು. ಉತ್ತರ ಪತ್ರಿಕೆಯ ನೆರಳಚ್ಚು ತರಿಸಿದಳು. ಎರಡು ಉತ್ತರಕ್ಕೆ ಮೌಲ್ಯಮಾಪಕರು ತೀರಾ ಬಿಗಿಯಾಗಿ ಅಂಕ ಕೊಟ್ಟಿದ್ದರು, ಅದು ನನ್ನ ಕಣ್ಣಿಗೂ ಕಂಡಿತು. ಅರ್ಜಿ ಹಾಕಲು ಕೂತಾಗ ಪರದೆಯ ಮೇಲೆ ಎರಡು ಗುಂಡಿ: ರಿಟೋಟಲಿಂಗ್, ರಿವ್ಯಾಲ್ಯುಯೇಷನ್. ಮೊದಲನೆಯದಕ್ಕೆ ಶುಲ್ಕ ಕಡಿಮೆ. ಟೋಟಲ್ ಅಂದರೆ ಎಲ್ಲಾ, ಮತ್ತೆ ಟೋಟಲ್ ಮಾಡುವುದು ಅಂದರೆ ಎಲ್ಲವನ್ನೂ ಮತ್ತೆ ನೋಡುವುದು ಅಂತ ಅವಳ ಲೆಕ್ಕ. ಮೂರು ವಾರದ ಮೇಲೆ ಬಂದ ಉತ್ತರ: ಬದಲಾವಣೆ ಇಲ್ಲ. ಇರಲಿಕ್ಕೆ ಸಾಧ್ಯವೂ ಇರಲಿಲ್ಲ. ಅಷ್ಟರಲ್ಲಿ ರಿವ್ಯಾಲ್ಯುಯೇಷನ್ನಿನ ದಿನಾಂಕ ಮುಗಿದಿತ್ತು. ನಾನೇ ಅವಳ ಜೊತೆ ಅವಳ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋದೆ. ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಅಯ್ಯೋ, ಅದು ಬರೀ ಕೂಡಿಸಿ ನೋಡೋದಮ್ಮ. ಬಿಟ್ಟೋಗಿದ್ಯಾ, ಕೂಡ್ಸಿದ್ದು ಸರೀಗಿದ್ಯಾ, ಅಷ್ಟೆ. ಓದಿ ನೋಡೋದು ಬೇರೆ."

ಆ ಒಂದು ಮಾತು, ಆ ಗುಮಾಸ್ತರ ಬಾಯಿಂದ ಬಂದ ಆ ಒಂದೇ ಮಾತು ಗುಂಡಿಯ ಪಕ್ಕದಲ್ಲಿ ಅಚ್ಚಾಗಿದ್ದರೆ ನನ್ನ ಸೋದರ ಸೊಸೆಗೆ ಆರು ತಿಂಗಳು ಉಳಿಯುತ್ತಿತ್ತು. ನಾನು ಅದನ್ನೇ ಅವರಿಗೆ ಹೇಳಿದೆ. "ಎಲ್ಲಾ ಸುತ್ತೋಲೇಲಿದೆ ಸಾರ್" ಎಂದರು. ಸುತ್ತೋಲೆ ತೆರೆದು ನೋಡಿದೆವು. ಅಡ್ಡಡ್ಡ ಸ್ಕ್ಯಾನ್ ಮಾಡಿದ ಎರಡು ಪುಟ. ಶುಲ್ಕ ಇತ್ತು, ದಿನಾಂಕ ಇತ್ತು, ಉಲ್ಲೇಖ ಒಂದರಿಂದ ಐದು ಇತ್ತು. ಎರಡಕ್ಕೂ ಏನು ವ್ಯತ್ಯಾಸ ಅನ್ನುವುದು ಮಾತ್ರ ಇರಲಿಲ್ಲ.

ಇಷ್ಟಾದ ಮೇಲೂ ಇಂಗ್ಲಿಷ್ ಬಂದರೆ ಕಾಲೇಜು ಅರ್ಥವಾಗುತ್ತದೆ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಲಿ. ಹುಡುಗನೊಬ್ಬನಿಗೆ ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ ಗ್ರೇಡ್ ಪಾಯಿಂಟ್ 5, ಎರಡು ಕ್ರೆಡಿಟ್ಟಿನ ವಿಷಯದಲ್ಲಿ 9. ಸರಾಸರಿ ಎಷ್ಟು? ಏಳು ಅನ್ನುತ್ತಾರೆ. ಅಲ್ಲ. ನಾಲ್ಕೈದಲ ಇಪ್ಪತ್ತು, ಎರಡೊಂಬತ್ತಲ ಹದಿನೆಂಟು, ಒಟ್ಟು 38. ಆರು ಕ್ರೆಡಿಟ್ಟಿಗೆ ಭಾಗಿಸಿದರೆ 6.33. ಒಂದು ಸೆಮಿಸ್ಟರಿನ ಎಸ್‌ಜಿಪಿಎ ಅಂದರೆ ಇದು. ಮಂಡಿಯಲ್ಲಿ ಹತ್ತು ಚೀಲ ಒಂದು ದರಕ್ಕೆ, ನಾಲ್ಕು ಚೀಲ ಇನ್ನೊಂದು ದರಕ್ಕೆ ಹೋದಾಗ ಸರಾಸರಿ ದರ ಹೇಗೆ ತೆಗೆಯುತ್ತಾರೋ ಹಾಗೆಯೇ. ಈ ವಿದ್ಯೆ ರೈತನ ಮಗಳಿಗೆ ಮನೆಯಲ್ಲೇ ಇದೆ. ಅವಳಿಗೆ ಯಾರೂ ಹೇಳದೆ ಇರುವುದು ಏನೆಂದರೆ, ಕಡಿಮೆ ಕ್ರೆಡಿಟ್ಟಿನ ವಿಷಯಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ನಾಲ್ಕು ಕ್ರೆಡಿಟ್ಟಿನದನ್ನು ಕಡೆಗಣಿಸಿದರೆ ಲೆಕ್ಕ ಅವಳ ವಿರುದ್ಧ ಹೋಗುತ್ತದೆ ಅನ್ನುವುದು. ಇನ್ನು ಎಲ್ಲ ಸೆಮಿಸ್ಟರೂ ಸೇರಿ ಸಿಜಿಪಿಎ 6.5 ಬಂದವನು ತನಗೆ 65 ಪರ್ಸೆಂಟ್ ಅಂದುಕೊಂಡು ಓಡಾಡುತ್ತಾನೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೊಟ್ಟಿರುವ ಪಟ್ಟಿಯಲ್ಲಿ 6.25ಕ್ಕೆ ಸಮನಾದದ್ದು 55 ಪರ್ಸೆಂಟ್, 6.75ಕ್ಕೆ 60. ಅರವತ್ತು ಕೇಳುವ ಉದ್ಯೋಗಕ್ಕೆ ಆ ಪಟ್ಟಿ ಹಿಡಿದರೆ ಇವನ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ. ಬೇರೆ ವಿಶ್ವವಿದ್ಯಾಲಯಕ್ಕೆ ಬೇರೆ ಸೂತ್ರ ಇರಬಹುದು, ಒಂದೇ ವಿಶ್ವವಿದ್ಯಾಲಯದ ಎರಡು ಸ್ಕೀಮಿಗೂ, ಅಂದರೆ ಬೇರೆ ಬೇರೆ ವರ್ಷ ಬಂದ ಪಠ್ಯಕ್ರಮಕ್ಕೂ, ಬೇರೆ ಇರಬಹುದು. ಷೇಕ್ಸ್‌ಪಿಯರ್ ಓದಿಕೊಂಡವನಿಗೂ ಇದು ಹೊಳೆಯುವ ಸಂಗತಿಯಲ್ಲ, ಯಾರಾದರೂ ಹೇಳಬೇಕು.

ಪದಗಳು ಇಂಗ್ಲಿಷ್ ಬಲ್ಲವರನ್ನೇ ಮೊದಲು ಮೋಸಗೊಳಿಸುತ್ತವೆ ಅನ್ನುವುದು ನನ್ನ ಸ್ವಂತ ಆವಿಷ್ಕಾರವಲ್ಲ. ಡೀಮ್ಡ್ ಯೂನಿವರ್ಸಿಟಿ ಅನ್ನುವ ಮಾತು ನೆನಪಿಸಿಕೊಳ್ಳಿ. 1956ರ ಯುಜಿಸಿ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ ವಿಶ್ವವಿದ್ಯಾಲಯವೆಂದು ಪರಿಗಣಿಸಲಾದ ಸಂಸ್ಥೆ ಎಂಬ ಅರ್ಥದಲ್ಲಿ ಹುಟ್ಟಿದ್ದು ಅದು. ಹೋರ್ಡಿಂಗಿಗೆ ಏರುವಾಗ 'ಪರಿಗಣಿಸಲಾದ' ಉದುರಿ 'ವಿಶ್ವವಿದ್ಯಾಲಯ' ಉಳಿಯಿತು. ಕೊನೆಗೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಯುಜಿಸಿ 123 ಸಂಸ್ಥೆಗಳಿಗೆ ಹೆಸರಿನಿಂದ ಆ ಪದ ತೆಗೆಯಿರಿ ಎಂದು ಬರೆಯಬೇಕಾಯಿತು. ದೇಶದ ಅತ್ಯುಚ್ಚ ನ್ಯಾಯಾಲಯ ತಲೆ ಹಾಕಬೇಕಾಗಿ ಬಂದದ್ದು ಹಳ್ಳಿ ಹುಡುಗನಿಗೆ ಇಂಗ್ಲಿಷ್ ಬಾರದ್ದಕ್ಕೋ? ಆ ಸಂಸ್ಥೆಗಳಿಗೆ ಲಕ್ಷಗಟ್ಟಲೆ ಸುರಿದವರು ಇಂಗ್ಲಿಷ್ ಪೇಪರ್ ಓದುವವರೇ. ಅಟಾನಮಸ್ ಕಾಲೇಜಿನದ್ದೂ ಹೀಗೇ. ಪಠ್ಯ ಅವರದ್ದು, ಪರೀಕ್ಷೆ ಅವರದ್ದು. ಪದವಿ ಕೊಡುವುದು ಸಂಯೋಜನೆ ನೀಡಿದ ವಿಶ್ವವಿದ್ಯಾಲಯ. ಸೇರಿ ಎರಡು ವರ್ಷವಾದ ಮೇಲೆ ಇದು ತಿಳಿದವರು ನನ್ನ ಪರಿಚಯದಲ್ಲೇ ಇದ್ದಾರೆ, ಅವರಲ್ಲೊಬ್ಬರು ಬ್ಯಾಂಕ್ ಮ್ಯಾನೇಜರು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಇಂಗ್ಲಿಷ್ ಪದ ಯಾವುದು ಗೊತ್ತೇ? ನಾನ್ ರಿಫಂಡಬಲ್. ರಸೀದಿಯ ಕೆಳಗೆ ನೀಲಿ ಸೀಲು. ಓದು ಬಂದವರು ಅದನ್ನು ಓದುತ್ತಾರೆ, ನಂಬುತ್ತಾರೆ, ಮನೆಗೆ ಹೋಗುತ್ತಾರೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರಕಟಿಸಿದ ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ, ಪ್ರೊಸೆಸಿಂಗ್ ಎಂದು ಕಳೆಯುವ ಸಣ್ಣ ಮೊತ್ತ ಬಿಟ್ಟು, ಪೂರ್ತಿ ಶುಲ್ಕ ವಾಪಸ್ ಬರಬೇಕು. ಕೊನೆಯ ದಿನಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ 90 ಪರ್ಸೆಂಟ್, ಆ ದಿನ ದಾಟಿ ಹದಿನೈದು ದಿನದೊಳಗಾದರೆ 80, ಮೂವತ್ತು ದಿನದೊಳಗಾದರೆ 50, ಆಮೇಲೆ ಸೊನ್ನೆ. ಕಾಷನ್ ಡಿಪಾಜಿಟ್ ಪೂರ್ತಿ ಹಿಂದಿರುಗಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಈ ಸೀಲನ್ನು ಓದಲು ಬಾರದ ಅಜ್ಜಿಯೊಬ್ಬರು ಮೊಮ್ಮಗನಿಗೆ ಬೇರೆ ಕಡೆ ಸೀಟು ಸಿಕ್ಕಾಗ ಸೀದಾ ಕೌಂಟರಿಗೆ ಹೋಗಿ "ನಮ್ ದುಡ್ ನಮಗ್ ಕೊಡ್ರಪ್ಪ, ಇನ್ನೂ ಪಾಠಾನೇ ಶುರುವಾಗಿಲ್ವಲ್ಲ" ಎಂದು ಕೂತುಬಿಟ್ಟದ್ದನ್ನು, ಸಂಜೆಯ ಹೊತ್ತಿಗೆ ಚೆಕ್ ಹಿಡಿದು ಎದ್ದದ್ದನ್ನು ನಾನು ನೋಡಿದ್ದೇನೆ. ಅದೇ ಸಾಲಿನಲ್ಲಿದ್ದ ಒಬ್ಬ ಇಂಜಿನಿಯರು ಸೀಲು ತೋರಿಸಿದ ತಕ್ಷಣ ಹಿಂದಕ್ಕೆ ತಿರುಗಿದ್ದರು.

ಇಷ್ಟು ಓದಿ ನಮ್ಮ ಕನ್ನಡಪರ ಗೆಳೆಯರು ಚಪ್ಪಾಳೆಗೆ ಕೈ ಎತ್ತಿರಬಹುದು. ಸ್ವಲ್ಪ ತಾಳಿ. ಪದಗಳನ್ನೆಲ್ಲ ಕನ್ನಡಕ್ಕೆ ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ನಿಮ್ಮ ನಂಬಿಕೆಯೂ ಅದೇ ರೋಗದ ಇನ್ನೊಂದು ಮಗ್ಗುಲು. ವಿಶ್ವವಿದ್ಯಾಲಯದಲ್ಲಿ ಕನ್ನಡ ಪದಗಳಿಗೇನೂ ಬರವಿಲ್ಲ. ಘಟಿಕೋತ್ಸವ ಎಂದಾಗ ನನ್ನಂಥವನಿಗೆ ತಾಳಗುಂದದ ಶಾಸನ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಅದರಲ್ಲಿ ಹೇಳುವಂತೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಹೊರಟದ್ದು ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಪೀಠಕ್ಕೆ. ಆದರೆ ಘಟಿಕೋತ್ಸವಕ್ಕೆ ಅರ್ಜಿ ಹಾಕಿದರಷ್ಟೇ ಪದವಿ ಪ್ರಮಾಣಪತ್ರ ಬರುವ ಕಡೆ, ಅದು ಗೊತ್ತಿಲ್ಲದೆ ಪಾಸಾಗಿ ನಾಲ್ಕು ವರ್ಷ ತಾತ್ಕಾಲಿಕ ಪತ್ರ ಹಿಡಿದು ಓಡಾಡಿದ ನನ್ನ ಶಿಷ್ಯನಿಗೆ ಮಯೂರಶರ್ಮನಿಂದ ಏನು ಉಪಕಾರವಾಯಿತು? ವೈಸ್ ಚಾನ್ಸಲರರನ್ನು ಮೊದಲು ಉಪಕುಲಪತಿ ಎನ್ನುತ್ತಿದ್ದೆವು. ಉಪ ಅನ್ನುವುದು ಕಿವಿಗೆ ಸಣ್ಣದಾಗಿ ಕೇಳಿಸಿತೋ ಏನೋ, ಅವರು ಕುಲಪತಿಯಾದರು; ಚಾನ್ಸಲರ್ ಕುಲಾಧಿಪತಿಯಾದರು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ಹಳೆಯ ಪುಸ್ತಕದಲ್ಲಿ ಕುಲಪತಿ ಎಂದರೆ ಒಬ್ಬರು, ಇಂದಿನ ಆಹ್ವಾನ ಪತ್ರಿಕೆಯಲ್ಲಿ ಇನ್ನೊಬ್ಬರು. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದ ಹುಡುಗಿ ಬರೆಯಬೇಕಾದ್ದು ಇವರಲ್ಲಿ ಯಾರಿಗೂ ಅಲ್ಲ, ಕುಲಸಚಿವರು (ಮೌಲ್ಯಮಾಪನ) ಎಂಬುವರಿಗೆ. ಬರೀ ಕುಲಸಚಿವರು ಎಂದು ಬರೆದರೆ ಅರ್ಜಿ ಆಡಳಿತದ ಕುಲಸಚಿವರ ಮೇಜಿಗೆ ಹೋಗಿ ಅಲ್ಲೇ ಮಲಗುತ್ತದೆ. ಎಲ್ಲವೂ ಅಚ್ಚ ಸಂಸ್ಕೃತಗನ್ನಡ. ಮರುಎಣಿಕೆ, ಮರುಮೌಲ್ಯಮಾಪನ ಎಂದು ಬರೆದಿದ್ದರೂ ನನ್ನ ತಂಗಿಯ ಮಗಳು ಅಗ್ಗದ ಗುಂಡಿಯನ್ನೇ ಒತ್ತುತ್ತಿದ್ದಳೋ ಏನೋ. ಪದ ಬದಲಾದರೆ ಸಾಲದು, ಪದವನ್ನು ಬಿಡಿಸಿ ಹೇಳುವ ಸೌಜನ್ಯ ಬೇಕು.

ಆ ಸೌಜನ್ಯ ನಮ್ಮಲ್ಲಿ ಒಮ್ಮೆ ಇತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿತು, ಆ ಮಾತುಗಳನ್ನು ಪುಟ್ಟ ಪುಸ್ತಕಗಳನ್ನಾಗಿ ಅಚ್ಚು ಹಾಕಿಸಿತು. 1956ರಿಂದ 1960ರವರೆಗೆ ಅದರ ಚುಕ್ಕಾಣಿ ಹಿಡಿದಿದ್ದ ಕುವೆಂಪು ಮಾನಸಗಂಗೋತ್ರಿ ಎಂದು ಹೆಸರಿಟ್ಟು ಸುಮ್ಮನೆ ಕೂರಲಿಲ್ಲ, ಪದವಿ ತರಗತಿಗೆ ಕನ್ನಡ ಮಾಧ್ಯಮದ ಬಾಗಿಲು ತೆಗೆಸಿದರು. ವಿಜ್ಞಾನ, ಆರೋಗ್ಯ, ಚರಿತ್ರೆ ಎಲ್ಲವನ್ನೂ ಹಳ್ಳಿಯವರಿಗೆ ತಿಳಿಗನ್ನಡದಲ್ಲಿ ಹೇಳಿದ ನಾಡಿನ ವಿಶ್ವವಿದ್ಯಾಲಯಗಳು ತಮ್ಮ ಬಗ್ಗೆ ಮಾತ್ರ ತಿಳಿಗನ್ನಡದಲ್ಲಿ ಬಾಯಿ ಬಿಡುವುದಿಲ್ಲ ಎಂಬುದು ನನಗೆ ಸೋಜಿಗ.

ಪದಕೋಶ ಹಂಚುವವರಿಗೆ ಇನ್ನೊಂದು ಮಾತು. ನಿಮ್ಮ ಪದಕೋಶದ ಆಯಸ್ಸು ಎಷ್ಟು? 2021ರಲ್ಲಿ ಹೊಸ ಶಿಕ್ಷಣ ನೀತಿ ಕರ್ನಾಟಕಕ್ಕೆ ಬಂತು. ಡಿಎಸ್‌ಸಿ, ಓಪನ್ ಎಲೆಕ್ಟಿವ್, ನಾಲ್ಕು ವರ್ಷದ ಆನರ್ಸ್ ಎಂದು ನಾವೇ ರಾತ್ರಿ ಕೂತು ಬಾಯಿಪಾಠ ಮಾಡಿ ಹಗಲು ಮಕ್ಕಳಿಗೆ ಒಪ್ಪಿಸಿದೆವು. 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷವನ್ನು ಕೈಬಿಟ್ಟು ಮೂರಕ್ಕೆ ಮರಳಿತು. ಸರಿ ತಪ್ಪು ಬೇರೆ ಚರ್ಚೆ. ಆ ವರ್ಷ ನಮ್ಮ ಒಂದೇ ಕಟ್ಟಡದಲ್ಲಿ ಮೊದಲ ವರ್ಷದವರಿಗೆ ಒಂದು ಸ್ಕೀಮು, ಅವರ ಅಕ್ಕಂದಿರಿಗೆ ಇನ್ನೊಂದು, ಹಳೇ ಬ್ಯಾಕ್ ಉಳಿಸಿಕೊಂಡು ಪರೀಕ್ಷೆಗೆ ಬಂದವರಿಗೆ ಮತ್ತೊಂದು. ಪರೀಕ್ಷೆಯ ದಿನ ತನ್ನದಲ್ಲದ ಸ್ಕೀಮಿನ ಪ್ರಶ್ನೆಪತ್ರಿಕೆಗೆ ಅರ್ಧ ಗಂಟೆ ಉತ್ತರ ಬರೆದ ಹುಡುಗ ನನ್ನ ಕೋಣೆಯಲ್ಲೇ ಇದ್ದ. ಅವನ ಓರಿಯೆಂಟೇಶನ್ ಹಾಳೆಯಲ್ಲಿ ಸ್ಕೀಮು ಅನ್ನುವ ಪದವೇ ಇರಲಿಲ್ಲ, ಅದನ್ನು ವಿವರಿಸಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಗು ಕಲಿಯಬೇಕಾದದ್ದು ಪಟ್ಟಿಯನ್ನಲ್ಲ, ಕೇಳುವುದನ್ನು: ಇದರ ಕೊನೆ ದಿನ ಯಾವಾಗ, ದುಡ್ಡೆಷ್ಟು, ಸಹಿ ಯಾರದು, ತಪ್ಪಿದರೆ ಏನಾಗುತ್ತದೆ. ನಮ್ಮ ನಗು ಆ ರೈತರಿಂದ ಕಿತ್ತುಕೊಂಡದ್ದು ಸರಿಯಾಗಿ ಇದನ್ನೇ.

ಮಕ್ಕಳಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಮೊಬೈಲು ಬಂದ ಮೇಲಂತೂ ಕೇಳುವುದೇ ಇಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಅವರಿಗೆ ನಾನು ಪರೀಕ್ಷಾ ಶುಲ್ಕದ ನೋಟಿಸು ತೋರಿಸುತ್ತೇನೆ. ಅದರಲ್ಲಿ ಪ್ರತಿ ಸೆಮಿಸ್ಟರೂ ಬರುವ ಮೂರು ಸಾಲು: ದಂಡಶುಲ್ಕವಿಲ್ಲದೆ ಕಟ್ಟಲು ಇಂಥ ದಿನ, ದಂಡಶುಲ್ಕದೊಂದಿಗೆ ಇಂಥ ದಿನ ಇಷ್ಟು ರೂಪಾಯಿ, ವಿಶೇಷ ದಂಡಶುಲ್ಕದೊಂದಿಗೆ ಇಂಥ ದಿನ ಇಷ್ಟು ರೂಪಾಯಿ. ಇಪ್ಪತ್ತು ವರ್ಷದ ನೌಕರಿಯಲ್ಲಿ ದಂಡಶುಲ್ಕ ಅಂದರೇನು ಸಾರ್ ಎಂದು ಒಂದು ಮಗುವೂ ನನ್ನನ್ನು ಕೇಳಿಲ್ಲ. ಕನ್ನಡ ಮೀಡಿಯಂನವರೂ ಕೇಳಿಲ್ಲ, ಇಂಗ್ಲಿಷ್ ಮೀಡಿಯಂನವರೂ ಕೇಳಿಲ್ಲ. ಸಮಾಸಪದ, ಸಂಸ್ಕೃತ, ಬಾಯಲ್ಲಿ ಹೊರಳದ ಪದ. ಆದರೂ ಎಲ್ಲರಿಗೂ ಅರ್ಥವಾಗುತ್ತದೆ. ಯಾಕೆಂದರೆ ಅದರ ಪಕ್ಕದಲ್ಲೇ ದಿನಾಂಕವಿದೆ, ರೂಪಾಯಿಯಿದೆ, ತಪ್ಪಿದರೆ ಏನು ಅನ್ನುವುದಿದೆ. ನಮ್ಮಿಂದ ವಸೂಲಿ ಮಾಡುವಾಗ ವಿಶ್ವವಿದ್ಯಾಲಯಕ್ಕೆ ಸ್ಪಷ್ಟವಾಗಿ ಮಾತಾಡಲು ಚೆನ್ನಾಗಿ ಬರುತ್ತದೆ. ನಮಗೆ ಸಲ್ಲಬೇಕಾದ್ದನ್ನು ಹೇಳುವಾಗ ಮಾತ್ರ ಅದಕ್ಕೆ ನಾಲಿಗೆ ತೊದಲುತ್ತದೆ. ಇಂಗ್ಲಿಷಿನ ಮೇಲೆ ತಪ್ಪು ಹೊರಿಸಿದರೆ ಯಾರೂ ಒಂದು ಸಾಲನ್ನೂ ಬದಲಾಯಿಸಬೇಕಾಗಿಲ್ಲ, ಅದಕ್ಕೇ ಆ ನಂಬಿಕೆಗೆ ಇಷ್ಟು ದೀರ್ಘಾಯುಷ್ಯ. ಕೊರತೆ ಮಗುವಿನದು, ಮಗುವಿನ ಊರಿನದು, ಮಗುವಿನ ಅಪ್ಪನದು.

ಸ್ಪಷ್ಟವಾಗಿ ಹೇಳುವುದು ಕಷ್ಟವೇನಲ್ಲ, ಹಾಜರಾತಿಯನ್ನೇ ನೋಡಿ. ಸಾಮಾನ್ಯ ಪದವಿಯಲ್ಲಿ 75 ಪರ್ಸೆಂಟ್, ವಿಟಿಯು ವ್ಯಾಪ್ತಿಯ ಇಂಜಿನಿಯರಿಂಗಿನಲ್ಲಿ 85. ಅದೂ ಒಟ್ಟಾರೆಯಲ್ಲ, ಒಂದೊಂದು ವಿಷಯಕ್ಕೂ ಬೇರೆ ಬೇರೆ. ಅಲ್ಲಿ ಐವತ್ತಕ್ಕೆ ಇಪ್ಪತ್ತು ಇಂಟರ್ನಲ್ ಬಾರದಿದ್ದರೆ ಮುಖ್ಯ ಪರೀಕ್ಷೆಗೆ ಕೂರಿಸುವುದಿಲ್ಲ. ಇದನ್ನು ಹೇಳಲು ನನಗೆ ಬೇಕಾದದ್ದು ಮೂರೇ ವಾಕ್ಯ.

ಹೋದ ವರ್ಷ ನಾನೊಂದು ಕೆಲಸ ಮಾಡಿದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹದಿನಾಲ್ಕು ಸಾಲು ಬರೆದು ಲೈಬ್ರರಿ ಮೆಟ್ಟಿಲ ಪಕ್ಕ ಅಂಟಿಸಿದೆ. ರಿಟೋಟಲಿಂಗ್: ಬರೀ ಕೂಡಿಸಿ ನೋಡುವುದು. ರಿವ್ಯಾಲ್ಯುಯೇಷನ್: ಇನ್ನೊಬ್ಬರು ಓದಿ ಅಂಕ ಹಾಕುವುದು. ಯಾವುದಕ್ಕೆ ಎಷ್ಟು, ಯಾವ ತಾರೀಕಿನೊಳಗೆ, ಯಾವ ಕೌಂಟರು. ಆ ಗುಮಾಸ್ತರ ಮಾತನ್ನು ಹಾಗೆಯೇ ಕದ್ದಿದ್ದೆ. ಒಂಬತ್ತು ದಿನ ಅದು ಗೋಡೆಯ ಮೇಲಿತ್ತು. ಹತ್ತನೇ ದಿನ ಮೇಲಿನಿಂದ ಫೋನು ಬಂತು: ನಿಯಮಗಳನ್ನು ವ್ಯಾಖ್ಯಾನಿಸುವ ಅಧಿಕಾರ ಅಧ್ಯಾಪಕರಿಗೆ ಇಲ್ಲ, ಅಧಿಕೃತ ಸುತ್ತೋಲೆಯನ್ನು ಮಾತ್ರ ಪ್ರದರ್ಶಿಸತಕ್ಕದ್ದು. ಪ್ರಿನ್ಸಿಪಾಲರು ಬೇಜಾರು ಮಾಡಿಕೊಂಡೇ ಅಟೆಂಡರನ್ನು ಕರೆದು ತೆಗೆಸಿದರು. ಅಂಟು ಗಟ್ಟಿಯಾಗಿತ್ತು, ಸುಣ್ಣವೂ ಕಿತ್ತು ಬಂತು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ತಾಲ್ಲೂಕಿನ ಕಾಲೇಜಿನ ಹುಡುಗಿಯೊಬ್ಬಳು, ನಾನು ಮೇಷ್ಟ್ರು ಅಂತ ಯಾರೋ ಹೇಳಿದ್ದಕ್ಕೆ ಹತ್ತಿರ ಬಂದು ಮೊಬೈಲು ತೋರಿಸಿದಳು. "ಸಾರ್, ಇದು ನಿಜಾನಾ?" ನನ್ನದೇ ಕೈಬರಹ. ಫೋಟೋ ಎಷ್ಟು ಗ್ರೂಪು ದಾಟಿ ಬಂದಿತ್ತೋ, ಅಂಚೆಲ್ಲ ಮಸುಕಾಗಿತ್ತು. ನಾನು ಬರೆದಿದ್ದ ತಾರೀಕಿನ ಮೇಲೆ ಯಾರೋ ಕೆಂಪು ಗೆರೆ ಎಳೆದು ಈ ಸಲದ ತಾರೀಕು ಹಾಕಿದ್ದರು. ಕೆಳಗೆ ನಾನು ಬರೆಯದ ಹದಿನೈದನೇ ಸಾಲೊಂದಿತ್ತು: ಎರಡನೇ ಕೌಂಟರಿನ ಮೇಡಂ ಹನ್ನೊಂದೂವರೆಗೆ ಬರ್ತಾರೆ, ಝೆರಾಕ್ಸ್ ಎರಡು ಕಾಪಿ ತಗೊಂಡ್ ಹೋಗಿ.